ಸೂಪರ್‌ಹೀಟರಿಗೆ ಪದೇ ಪದೇ ಬೂದಿ ಕಟ್ಟುತ್ತಿದೆಯೇ? ಮೊದಲು ಬಿಳಿ ಪದರವನ್ನು ಹುಡುಕಿ

ಬಾಯ್ಲರಿನ ಹೊಗೆಯನ್ನು ಹೊರಗೆಳೆಯುವ ಐಡಿ ಫ್ಯಾನಿನ ಆಂಪಿಯರ್ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತಿದೆ. ಸೂಪರ್‌ಹೀಟರಿನ (ಉಗಿಯನ್ನು ಇನ್ನಷ್ಟು ಕಾಯಿಸುವ ಕೊಳವೆಗಳ ಸಾಲು) ಮುಂದಕ್ಕೂ ಹಿಂದಕ್ಕೂ ಇರುವ ಡ್ರಾಫ್ಟ್ (ಹೊಗೆಯ ಒತ್ತಡ) ವ್ಯತ್ಯಾಸ ಹಂಗಾಮಿನ ಆರಂಭದಲ್ಲಿದ್ದುದರ ಎರಡರಷ್ಟಾಗಿದೆ. ಉಗಿಯ ಉಷ್ಣತೆ 515 ಡಿಗ್ರಿ ಮುಟ್ಟುತ್ತಿಲ್ಲ. ಉಗಿಯನ್ನು ತಣಿಸಲು ಸಿಂಪಡಿಸುವ ಸ್ಪ್ರೇ ನೀರಿನ ವಾಲ್ವನ್ನು ಪೂರ್ತಿ ಮುಚ್ಚಿದರೂ 500ರ ಹತ್ತಿರವೇ ತಡೆದು ನಿಲ್ಲುತ್ತದೆ. ಹೊಗೆಯ ಶಾಖದಿಂದ ಬಾಯ್ಲರಿನ ನೀರನ್ನು ಬಿಸಿ ಮಾಡುವ ಎಕನಮೈಸರಿನಿಂದ ಹೊರಬೀಳುವ ಹೊಗೆ ಮಾತ್ರ ದಿನೇ ದಿನೇ ಹೆಚ್ಚು ಬಿಸಿ. ಕೊನೆಗೊಂದು ದಿನ ಬಾಯ್ಲರ್ ನಿಲ್ಲಿಸಿ, ಮೂರು ದಿನ ಒಳಗಿಳಿದು ಕುಟ್ಟಿ ಕೆಡವಿ, ಮತ್ತೆ ಬೆಂಕಿ ಹಾಕುತ್ತೇವೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಕಥೆ.

ಕಬ್ಬಿನ ಸಿಪ್ಪೆ ಸುಡುವ ಕೋಜನ್ (ಉಗಿಯನ್ನೂ ವಿದ್ಯುತ್ತನ್ನೂ ಒಟ್ಟಿಗೆ ಒದಗಿಸುವ) ಬಾಯ್ಲರುಗಳ ಮುಂದೆ ನಿಂತು ಕೆಲಸ ಮಾಡುವವರಿಗೆ ಈ ಲಕ್ಷಣಗಳು ಹೊಸವಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಎಂದು ಸಕ್ಕರೆ ಕಾರ್ಖಾನೆ ಇರುವ ಕಡೆಯಲ್ಲೆಲ್ಲ ಬಾಯ್ಲರ್ ಮನೆಯವರು ಇದನ್ನು ಒಂದಲ್ಲ ಒಂದು ಹಂಗಾಮಿನಲ್ಲಿ ಕಂಡಿರುತ್ತಾರೆ. ನುರಿಸುವ ಹಂಗಾಮಿನ ನಡುವೆ ಬಾಯ್ಲರ್ ನಿಂತರೆ ನಷ್ಟ ಕಾರ್ಖಾನೆಯದು ಮಾತ್ರ ಆಗಿರುವುದಿಲ್ಲ. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ, ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ, ರೈತನ ತೂಕ ಇಳಿಯುತ್ತದೆ. ಹಾಗಾಗಿ ಕುಟ್ಟಿ ಕೆಡಹುವುದಕ್ಕೆ ಮುನ್ನ ಅರ್ಧ ದಿನ ನಿಂತು ರೋಗದ ಮೂಲ ಹುಡುಕಿ ಎಂಬುದು ನನ್ನ ಬಲವಾದ ಒತ್ತಾಯ.

ನಾನಿದ್ದ ಕಾರ್ಖಾನೆಯೊಂದರಲ್ಲಿ ಹಿರಿಯ ಫೋರ್‌ಮನ್ ಒಬ್ಬರು, "ಸರ್, ಈ ಸಲ ಬೂದಿ ಜಾಸ್ತಿ ಬರುತ್ತಿದೆ, ಅದಕ್ಕೇ ಕಟ್ಟಿಕೊಳ್ಳುತ್ತಿದೆ" ಎಂದಿದ್ದರು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವರ ಮಾತು, ತಳ್ಳಿಹಾಕುವಂತಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ಬೂದಿ ಪ್ರತಿ ವರ್ಷವೂ ಬರುತ್ತಿತ್ತು. ಹಿಂದಿನ ವರ್ಷಗಳಲ್ಲಿ ಅದು ಕೊಳವೆಗೆ ತಗುಲಿ ಉದುರಿ ಹೋಗುತ್ತಿತ್ತು. ಈ ವರ್ಷ ಅದನ್ನು ಹಿಡಿದು ನಿಲ್ಲಿಸಿದ ಅಂಟು ಯಾವುದು?

ಆ ಅಂಟು ಆವಿಯಾಗಿ ಬಂದಿತ್ತು. ದೋಷ ಹುಡುಕುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಚೊಂಬಿನ ಬೆವರು, ದೀಪದ ಕಾಡಿಗೆ

ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯಲ್ಲಿರುವ ನೀರಾವಿಗೆ ಒಂದು ಇಬ್ಬನಿ ಬಿಂದು ಇರುತ್ತದೆ. ಯಾವುದಾದರೂ ಮೈ ಅದಕ್ಕಿಂತ ತಣ್ಣಗಿದ್ದರೆ ಆವಿ ಅಲ್ಲಿ ಹನಿಯಾಗಿ ಕೂರುತ್ತದೆ. ಬಾಯ್ಲರಿನೊಳಗೆ ನಡೆಯುವುದೂ ಇದೇ, ಆದರೆ ಅಲ್ಲಿ ಹನಿಯುವುದು ಉಪ್ಪಿನ ಆವಿ. ಕಬ್ಬಿನ ರವದಿ (ಒಣಗಿದ ಗರಿ, ಸೋಗೆ), ತೆಂಗಿನ ಗರಿ, ಜಾಲಿ ಕಟ್ಟಿಗೆಯಂತಹ ಇಂಧನಗಳಲ್ಲಿ ಪೊಟ್ಯಾಸಿಯಮ್ಮೂ ಕ್ಲೋರಿನ್ನೂ ಇರುತ್ತವೆ. ಬೆಂಕಿಯಲ್ಲಿ ಅವೆರಡೂ ಸೇರಿ ಪೊಟ್ಯಾಸಿಯಂ ಕ್ಲೋರೈಡಿನ ಆವಿಯಾಗಿ ಹೊಗೆಯ ಜೊತೆ ಸಾಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಯಾವ ಜಾಲರಿಗೂ ಸಿಕ್ಕುವುದಿಲ್ಲ.

550 ಡಿಗ್ರಿಯ ಕೊಳವೆಯನ್ನು "ತಣ್ಣನೆಯ ಮೈ" ಎಂದು ಕರೆಯಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಲೆಕ್ಕ ನೋಡಿ. ಪೊಟ್ಯಾಸಿಯಂ ಕ್ಲೋರೈಡಿನ ಆವಿಯ ಒತ್ತಡ ಸುಮಾರು 625 ಡಿಗ್ರಿಯಲ್ಲಿ 1 ಪ್ಯಾಸ್ಕಲ್, 714 ಡಿಗ್ರಿಯಲ್ಲಿ 10 ಪ್ಯಾಸ್ಕಲ್. ಹೊಗೆಯ ಒಟ್ಟು ಒತ್ತಡ ಒಂದು ಲಕ್ಷ ಪ್ಯಾಸ್ಕಲ್ ಆಗಿರುವುದರಿಂದ, ಹತ್ತು ಲಕ್ಷ ಭಾಗ ಹೊಗೆಯಲ್ಲಿ ಬರೀ 10 ಭಾಗ ಈ ಉಪ್ಪಿನ ಆವಿ ಇದ್ದರೂ ಅದರ ಇಬ್ಬನಿ ಬಿಂದು 625 ಡಿಗ್ರಿ. 100 ಭಾಗ ಇದ್ದರೆ 714. ಕೊಳವೆಯ ಮೈ 550ರಲ್ಲಿದೆ. ಸುತ್ತಲಿನ ಹೊಗೆ 850ರಲ್ಲಿದೆ. ಆ ಆವಿಯ ಪಾಲಿಗೆ ನಮ್ಮ ಸೂಪರ್‌ಹೀಟರ್ ತಣ್ಣೀರಿನ ಚೊಂಬೇ ಸರಿ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ, ಅದನ್ನು ಹಲವರು ಗಮನಿಸುವುದಿಲ್ಲ. ಆವಿಯ ಪ್ರಮಾಣವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ ಇಬ್ಬನಿ ಬಿಂದು ಇಳಿಯುವುದು 75ರಿಂದ 90 ಡಿಗ್ರಿ ಮಾತ್ರ. ಆದ್ದರಿಂದ "ಸ್ವಲ್ಪ ರವದಿ ಸೇರಿಸಿದರೆ ಏನೂ ಆಗುವುದಿಲ್ಲ" ಎಂಬ ಮಾತು ಅರ್ಧ ನಿಜ. ಪದರ ಬೆಳೆಯುವ ವೇಗ ಕಡಿಮೆಯಾಗುತ್ತದೆ, ಬೆಳೆಯುವುದೇ ನಿಲ್ಲುವುದಿಲ್ಲ.

ಈ ಉಪ್ಪು ಕರಗುವುದು 770 ಡಿಗ್ರಿಯಲ್ಲಿ. 550 ಡಿಗ್ರಿಯ ಮೈಯ ಮೇಲೆ ಅದು ಹನಿಯಾಗುವುದಿಲ್ಲ, ಆವಿಯಿಂದ ನೇರವಾಗಿ ಹರಳಾಗಿ ಕೂರುತ್ತದೆ. ಕರ್ಪೂರದ ಡಬ್ಬಿಯನ್ನು ಬಹಳ ದಿನ ಮುಚ್ಚಿಟ್ಟು ತೆಗೆದಾಗ ಮುಚ್ಚಳದ ಒಳಗೆ ಮಿಣುಗುವ ಬಿಳಿ ಹರಳುಗಳಿರುತ್ತವಲ್ಲ, ಅದೇ ಬಗೆ.

ಆವಿಯ ಜೊತೆಗೆ ಇನ್ನೂ ಎರಡು ದಾರಿಯಲ್ಲಿ ವಸ್ತು ಕೊಳವೆಗೆ ಬರುತ್ತದೆ. ಹೊಗೆ ಮುಂದೆ ಸಾಗುತ್ತ ತಾನೇ ಇಬ್ಬನಿ ಬಿಂದುವಿಗಿಂತ ತಣ್ಣಗಾದರೆ, ಕೊಳವೆ ಮುಟ್ಟದ ಆವಿ ಹೊಗೆಯೊಳಗೇ ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳಾಗುತ್ತದೆ. ಈ ಕಣಗಳನ್ನು ಬಿಸಿ ಕಡೆಯ ಅನಿಲದ ಅಣುಗಳು ಹೆಚ್ಚು ಜೋರಾಗಿ ತಳ್ಳುವುದರಿಂದ ಅವು ತಣ್ಣನೆಯ ಕಡೆಗೆ ಸರಿಯುತ್ತವೆ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಿಡಿದು ಕಾಡಿಗೆ ಮಾಡುವಾಗ ಮಸಿ ತಟ್ಟೆಗೆ ಹತ್ತುವುದರಲ್ಲಿ ಈ ತಳ್ಳುವಿಕೆಯ ಪಾಲು ದೊಡ್ಡದು. ತಟ್ಟೆ ತಣ್ಣಗಿದ್ದಷ್ಟೂ ಕಾಡಿಗೆ ಚೆನ್ನಾಗಿ ಹಿಡಿಯುತ್ತದೆ. ಇದರ ಮಗ್ಗುಲನ್ನು 1870ರಲ್ಲೇ ವಿಜ್ಞಾನಿ ಜಾನ್ ಟಿಂಡಾಲ್ ಕಂಡಿದ್ದರು: ಬಿಸಿಯಾದ ವಸ್ತುವಿನ ಸುತ್ತ ದೂಳಿಲ್ಲದ ತೆಳು ಪದರವೊಂದು ಇರುತ್ತದೆ. ಮೂರನೆಯ ದಾರಿ ಒರಟು ಬೂದಿಯದು. ಹತ್ತು ಮೈಕ್ರಾನಿಗಿಂತ ದಪ್ಪ ಕಣಕ್ಕೆ ಹೊಗೆಯ ಜೊತೆ ಕೊಳವೆಯನ್ನು ಬಳಸಿ ತಿರುಗಲು ಆಗುವುದಿಲ್ಲ. ನೇರವಾಗಿ ಹೋಗಿ ಎದುರುಮೈಗೆ ಬಡಿಯುತ್ತದೆ. ಮೈ ಒಣಗಿದ್ದರೆ ಪುಟಿದು ಹೋಗುತ್ತದೆ. ಮೈ ಅಂಟಾಗಿದ್ದರೆ ಅಲ್ಲೇ ಉಳಿಯುತ್ತದೆ.

ಪದರ ದಪ್ಪವಾಗುತ್ತ ಹೋದಂತೆ ಏನಾಗುತ್ತದೆ ಎಂಬುದು ಇಡೀ ರೋಗದ ತಿರುಳು. ಸಡಿಲ ಬೂದಿ ಶಾಖವನ್ನು ಉಕ್ಕಿಗಿಂತ ನೂರು ಪಟ್ಟು ಕಡಿಮೆ ಸಾಗಿಸುತ್ತದೆ. ಐದು ಮಿಲಿಮೀಟರ್ ಪದರ ಕೂತರೆ ಅದರ ಹೊರಮೈ ಕೊಳವೆಗಿಂತ ನೂರಾರು ಡಿಗ್ರಿ ಹೆಚ್ಚು ಬಿಸಿ. ಒಂದು ಹಂತದಲ್ಲಿ ಹೊರಮೈ ಇಬ್ಬನಿ ಬಿಂದುವನ್ನೇ ದಾಟಿ, ಅಲ್ಲಿ ಹೊಸ ಆವಿ ಕೂರುವುದು ನಿಲ್ಲುತ್ತದೆ. ಇಷ್ಟಕ್ಕೇ ರೋಗ ತನ್ನಿಂದ ತಾನೇ ನಿಂತರೆ ಒಳ್ಳೆಯದಿತ್ತು. ಆದರೆ ಪೊಟ್ಯಾಸಿಯಂ ಕ್ಲೋರೈಡೂ ಪೊಟ್ಯಾಸಿಯಂ ಸಲ್ಫೇಟೂ ಬೆರೆತ ಮಿಶ್ರಣ 690 ಡಿಗ್ರಿಯ ಸುಮಾರಿಗೇ ಕರಗಲು ತೊಡಗುತ್ತದೆ. ಅಲ್ಲಿಗೆ ಹೊರಮೈ ಬೆಲ್ಲದ ಪಾಕದಂತಾಗಿ, ಬಂದ ಬೂದಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಆವಿ ಅಡಿಪಾಯ ಹಾಕಿತು, ಬೂದಿ ಮನೆ ಕಟ್ಟಿತು. ಒಳಗಿಳಿದು ನೋಡಿದಾಗ ನಮಗೆ ಕಾಣುವುದು ಮನೆ ಮಾತ್ರ.

ಬಾಯ್ಲರ್ ಓಡುತ್ತಿರುವಾಗಲೇ ಮಾಡಬೇಕಾದದ್ದು

ಮೊದಲು ಸ್ಪ್ರೇ ನೀರಿನ ದಾಖಲೆ ತೆಗೆಯಿರಿ. ಸ್ಪ್ರೇ ದಿನೇ ದಿನೇ ಇಳಿಯುತ್ತ ಸೊನ್ನೆಗೆ ಬಂದಿದ್ದರೆ ಸೂಪರ್‌ಹೀಟರ್ ಶಾಖ ತೆಗೆದುಕೊಳ್ಳುತ್ತಿಲ್ಲ, ದೋಷ ಅಲ್ಲೇ ಇದೆ. ಸ್ಪ್ರೇ ಏರುತ್ತಿದ್ದರೆ ಮಾತು ಬೇರೆ: ಕುಲುಮೆಯ ಗೋಡೆ ಕೊಳವೆಗಳು ಕೊಳೆಯಾಗಿ ಅಥವಾ ಇಂಧನ ತಡವಾಗಿ ಉರಿದು, ಸೂಪರ್‌ಹೀಟರಿಗೆ ಬರುವ ಹೊಗೆಯೇ ಹೆಚ್ಚು ಬಿಸಿಯಾಗಿದೆ. ಇದನ್ನು ಹಾಗೇ ಬಿಟ್ಟರೆ ಕೆಲವು ದಿನಗಳಲ್ಲಿ ಸೂಪರ್‌ಹೀಟರೂ ಕಟ್ಟುತ್ತದೆ, ಆಗ ಸ್ಪ್ರೇ ತಿರುಗಿ ಇಳಿಯುತ್ತದೆ. ಆದ್ದರಿಂದ ಇವತ್ತಿನ ಒಂದು ಅಂಕಿ ನೋಡಿದರೆ ಸಾಲದು. ಸ್ವಚ್ಛ ಮಾಡಿ ಬೆಂಕಿ ಹಾಕಿದ ದಿನದಿಂದ ಇಲ್ಲಿಯವರೆಗಿನ ಗೆರೆ ಎಳೆದು ನೋಡಬೇಕು.

ಆ ಗೆರೆಯ ಕೆಳಗೇ ಇಂಧನದ ದಾಖಲೆಯನ್ನೂ ದಿನಾಂಕವಾರು ಬರೆಯಿರಿ. ಫೋರ್‌ಮನ್ನರ ಮಾತು ಕೇಳಿದ ಆ ಹಂಗಾಮಿನಲ್ಲಿ ನಮಗೆ ದಾರಿ ತೋರಿಸಿದ್ದು ಇದೇ ಹಾಳೆ. ಬೇಸಿಗೆಗೆ ಸಿಪ್ಪೆ ಉಳಿಸಿಕೊಳ್ಳೋಣ ಎಂದು ರವದಿಯ ಬೇಲುಗಳನ್ನು ಸುಡಲು ಆರಂಭಿಸಿದ್ದೆವು. ಡ್ರಾಫ್ಟ್ ವ್ಯತ್ಯಾಸದ ಗೆರೆ ಮೇಲಕ್ಕೆ ಬಾಗಿದ್ದು ಅದರ ಮರುವಾರ. ಸಿಪ್ಪೆಗೂ ರವದಿಗೂ ಇರುವ ಅಂತರ ಗಿಡದಲ್ಲಷ್ಟೇ ಅಲ್ಲ, ನೀರಿನಲ್ಲೂ ಇದೆ. ಸಿಪ್ಪೆ ಗಿರಣಿಯ ಉರುಳೆಗಳ ನಡುವೆ ಮತ್ತೆ ಮತ್ತೆ ನೀರು ಕುಡಿದು ಹಿಂಡಿಸಿಕೊಂಡು ಬರುವುದರಿಂದ ಅದರ ಪೊಟ್ಯಾಸಿಯಂ, ಕ್ಲೋರಿನ್ ಬಹುಪಾಲು ರಸದ ಜೊತೆ ಹೋಗಿಬಿಡುತ್ತವೆ. ರವದಿ ಹೊಲದಿಂದ ನೇರವಾಗಿ ಕುಲುಮೆಗೆ ಬರುತ್ತದೆ. ಉಪ್ಪೆಲ್ಲ ಅದರೊಳಗೇ ಇರುತ್ತದೆ.

ಮೂರನೆಯದು, ಉಗಿ ಊದಿ ಕೊಳವೆಗಳ ಬೂದಿ ಉದುರಿಸುವ ಸೂಟ್ ಬ್ಲೋವರ್. ಅದರ ಉಗಿ ಕೊಳವೆಯಲ್ಲಿ ನೀರು ನಿಂತಿದ್ದರೆ, ಪ್ರತಿ ಸಲ ಊದಿದಾಗಲೂ ಮೊದಲು ಹೊರಬರುವುದು ನೀರು. ಒದ್ದೆಯಾದ ಬೂದಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಆ ನೀರನ್ನು ಹೊರಬಿಡುವ ಡ್ರೈನ್ ಟ್ರ್ಯಾಪ್ ಕೆಲಸ ಮಾಡುತ್ತಿದೆಯೇ ಎಂದು ಕೈಯಾರೆ ನೋಡಿ.

ತಣಿಸಿದ ಕೊಳವೆಯ ಪರೀಕ್ಷೆ

ಆವಿಯ ಮೇಲೆ ಸಂಶಯ ಬಂದರೆ ಅದನ್ನು ಖಚಿತಪಡಿಸುವ ಪರೀಕ್ಷೆ ಒಂದಿದೆ. ಇದಕ್ಕೆ ಬಾಯ್ಲರ್ ನಿಲ್ಲಿಸಬೇಕಾಗಿಲ್ಲ, ದುಬಾರಿ ಉಪಕರಣವೂ ಬೇಡ.

ಒಂದೂವರೆ ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಪೈಪನ್ನು ತೆಗೆದುಕೊಳ್ಳಿ. ಅದರ ಒಳಗೆ ಇನ್ನೊಂದು ಸಣ್ಣ ಪೈಪನ್ನು ತುದಿಯವರೆಗೆ ಇಳಿಸಿ, ಕಂಪ್ರೆಸರಿನ ಗಾಳಿ ಒಳಗೆ ಹೋಗಿ ತುದಿಯಿಂದ ತಿರುಗಿ ಹೊರಬರುವಂತೆ ಮಾಡಿ. ಹೊರಮೈಗೆ ಉಷ್ಣತೆ ಅಳೆಯುವ ಒಂದು ಥರ್ಮೋಕಪಲ್ ಬೆಸೆಯಿರಿ. ಸೂಪರ್‌ಹೀಟರಿನ ಮುಂದಿರುವ ನೋಟದ ಕಿಂಡಿಯಿಂದ ಇದನ್ನು ಹೊಗೆಯೊಳಗೆ ಚಾಚಿ, ಗಾಳಿಯ ವಾಲ್ವನ್ನು ತಿರುಗಿಸುತ್ತ ಮೈಯ ಉಷ್ಣತೆಯನ್ನು 500 ಡಿಗ್ರಿಯಲ್ಲಿ ನಿಲ್ಲಿಸಿ, ಎರಡು ಗಂಟೆ ಬಿಡಿ. ಹೊರತೆಗೆದು ನೋಡಿ. ಅದನ್ನೇ ಸ್ವಚ್ಛ ಮಾಡಿ ಅಥವಾ ಅಂಥದ್ದೇ ಇನ್ನೊಂದು ಪೈಪು ಹಾಕಿ, ಗಾಳಿ ಕಡಿಮೆ ಮಾಡಿ, ಎರಡನೆಯ ಸಲ 600ರಲ್ಲಿ. ಮೂರನೆಯ ಸಲ 680ರಲ್ಲಿ.

ಕಿಂಡಿ ತೆರೆಯುವ ಮುಂಚೆ ಕುಲುಮೆಯ ಒತ್ತಡ ಋಣದಲ್ಲಿದೆಯೇ ಎಂದು ಕಂಟ್ರೋಲ್ ರೂಮಿನವರಿಂದ ಖಚಿತ ಮಾಡಿಕೊಳ್ಳಿ. ಮುಖಕವಚ ಇಲ್ಲದೆ, ಕಿಂಡಿಯ ಎದುರಿಗೆ ನೇರವಾಗಿ ನಿಂತು ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಸೂಟ್ ಬ್ಲೋವರ್ ಆ ಹೊತ್ತಿನಲ್ಲಿ ನಿಂತಿರಲಿ.

ನಾವು ಮೊದಲ ಸಲ ಹೊರಗೆಳೆದ ಪೈಪು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸುತ್ತಲೂ, ಹೊಗೆ ಬಡಿಯದ ಬೆನ್ನ ಕಡೆಯಲ್ಲೂ ಸಮನಾಗಿ, ಸುಣ್ಣ ಸಾರಿಸಿದಂತಹ ತೆಳು ಬಿಳಿ ಲೇಪ. ಉಗುರಿನಿಂದ ಗೀರಿದರೆ ಸಕ್ಕರೆ ಪುಡಿಯಂತೆ ನುಣ್ಣಗೆ ಬರುತ್ತಿತ್ತು. ಎದುರುಮೈಯಲ್ಲಿ ಮಾತ್ರ ಆ ಲೇಪದ ಮೇಲೆ ಬೂದುಬಣ್ಣದ ಏಣು, ಹಾರೆಯ ಅಂಚಿನಂತೆ ಹೊಗೆಯ ಕಡೆಗೆ ಚಾಚಿಕೊಂಡಿತ್ತು. 680ರಲ್ಲಿ ಇಟ್ಟ ಪೈಪಿನ ಬೆನ್ನ ಕಡೆ ಹೆಚ್ಚುಕಡಿಮೆ ಬರಿದಾಗಿತ್ತು. ಏಣು ಅಲ್ಲೂ ಸ್ವಲ್ಪ ಇತ್ತು. ಫೋರ್‌ಮನ್ ಅವರು ಎರಡು ಪೈಪುಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, "ಹಿಂದುಗಡೆ ಬೂದಿ ಬಡಿಯುವುದಕ್ಕೆ ಸಾಧ್ಯವೇ ಇಲ್ಲವಲ್ಲ ಸರ್" ಎಂದರು. ಅವರು ಹೇಳಿದ ಆ ಒಂದು ಮಾತೇ ಈ ಪರೀಕ್ಷೆಯ ಅರ್ಥ. ಬೆನ್ನ ಕಡೆಯೂ ಲೇಪ ಇದ್ದು, ಮೈ ಬಿಸಿ ಮಾಡಿದಾಗ ಅದು ಕಡಿಮೆಯಾದರೆ, ಬಂದದ್ದು ಆವಿ. ಉಷ್ಣತೆ ಎಷ್ಟಾದರೂ ಎದುರುಮೈಯಲ್ಲೇ ಕಟ್ಟುತ್ತಿದ್ದರೆ ಒರಟು ಬೂದಿ.

ಲೇಪ ಯಾವ ಉಷ್ಣತೆಯಲ್ಲಿ ಮಾಯವಾಗುತ್ತದೆಯೋ ಅದೇ ನಿಮ್ಮ ಹೊಗೆಯ ಇಬ್ಬನಿ ಬಿಂದು. ಮೇಲಿನ ಲೆಕ್ಕದಿಂದ ಹೊಗೆಯಲ್ಲಿ ಎಷ್ಟು ಉಪ್ಪಿದೆ ಎಂದು ಅಂದಾಜು ಮಾಡಲು ಅದು ಸಾಕು.

ಹಕ್ಕಳೆಯನ್ನು ಓದುವುದು

ಬಾಯ್ಲರ್ ನಿಂತಾಗ, ಕುಟ್ಟುವವರು ಒಳಗೆ ಹೋಗುವ ಮುಂಚೆ, ನಾಲ್ಕು ಜಾಗಗಳಿಂದ ಹಕ್ಕಳೆಯ ತುಂಡುಗಳನ್ನು ಎತ್ತಿಕೊಳ್ಳಿ: ಕುಲುಮೆಯ ಮೇಲ್ಗೋಡೆ, ಸೂಪರ್‌ಹೀಟರಿನ ಮೊದಲ ಸಾಲು, ಕೊನೆಯ ಸಾಲು, ಎಕನಮೈಸರ್. ಪ್ರತಿಯೊಂದರ ಕೊಳವೆ ಕಡೆಗೂ ಹೊಗೆ ಕಡೆಗೂ ಗುರುತು ಮಾಡಿ. ಈ ಗುರುತಿಲ್ಲದ ತುಂಡು ಪ್ರಯೋಗಾಲಯಕ್ಕೆ ಹೋಗಿಯೂ ಪ್ರಯೋಜನವಿಲ್ಲ. ತೂಗುತ್ತಿರುವ ಗಡ್ಡೆಗಳು ಯಾವ ಕ್ಷಣದಲ್ಲಾದರೂ ಬೀಳಬಹುದು. ಫ್ಯಾನುಗಳಿಗೆ ಬೀಗ ಹಾಕಿ, ಒಳಗಿನ ಗಾಳಿ ಪರೀಕ್ಷಿಸಿ, ಮೇಲಿನಿಂದ ಕೆಳಕ್ಕೆ ಬಿಡಿಸಿಕೊಂಡು ಬಂದ ಮೇಲೆಯೇ ಮನುಷ್ಯರು ಕೆಳಗೆ ನಿಲ್ಲಲಿ.

ತುಂಡನ್ನು ಮುರಿದು ಅಡ್ಡಸೀಳು ನೋಡಿ. ಆವಿಯಿಂದ ಶುರುವಾದ ಹಕ್ಕಳೆಯಲ್ಲಿ ಕೊಳವೆಗೆ ಅಂಟಿದ್ದ ಬದಿಯಲ್ಲಿ ತುಕ್ಕುಬಣ್ಣದ ಚೂರು, ಅದರ ಮೇಲೆ ಕೂದಲೆಳೆಯಿಂದ ಅಕ್ಕಿ ಕಾಳಿನವರೆಗಿನ ದಪ್ಪದ ಬಿಳಿ ಪದರ, ಅದರ ಮೇಲೆ ಬೂದು, ಹೊರಗೆ ಕಂದು ಅಥವಾ ಕಪ್ಪು ಗಾಜು, ಹೀಗೆ ಕ್ರಮವಾಗಿ ಇರುತ್ತದೆ. ಬಿಳಿ ಪದರವೇ ಇಲ್ಲದೆ ಅಡಿಯಿಂದ ಮುಡಿಯವರೆಗೆ ಒಂದೇ ಬಣ್ಣದ, ಮುಟ್ಟಿದರೆ ಮರಳು ಮರಳಾದ ಹಕ್ಕಳೆ ಸಿಕ್ಕರೆ ಕಬ್ಬಿನ ಜೊತೆ ಮಣ್ಣು ಬರುತ್ತಿದೆ. ಮಳೆಯಲ್ಲಿ ಯಂತ್ರದಿಂದ ಕಬ್ಬು ತುಂಬಿದ ದಿನಗಳನ್ನು ನೋಡಿಕೊಳ್ಳಿ. ಮರಳೂ ಪೊಟ್ಯಾಸಿಯಮ್ಮೂ ಸೇರಿದರೆ 750 ಡಿಗ್ರಿಯ ಆಸುಪಾಸಿನಲ್ಲೇ ಗಾಜಾಗತೊಡಗುತ್ತವೆ. ಎರಡೂ ಒಟ್ಟಿಗೆ ಬಂದ ಹಂಗಾಮು ತುಂಬಾ ಕಷ್ಟದ್ದು. ನಾರು ಕಾಣುವ ಕಪ್ಪು ಪುಡಿಯಾದರೆ ಸಿಪ್ಪೆ ಪೂರ್ತಿ ಉರಿಯದೆ ಹಾರುತ್ತಿದೆ. ಒಂದೇ ಜಾಗದಲ್ಲಿ ಕಲ್ಲಿನಂತೆ ಗಟ್ಟಿಯಾಗಿ, ಸುತ್ತಲೂ ಮಾಮೂಲಾಗಿದ್ದರೆ ಕೊಳವೆ ಸೋರುತ್ತಿರಬಹುದು. ಬಾಯ್ಲರಿಗೆ ಸೇರಿಸುವ ನೀರಿನ ಲೆಕ್ಕ ಅದನ್ನು ಹೇಳುತ್ತದೆ.

ಬಿಳಿ ಪದರ ಸಿಕ್ಕಿತೆಂದರೆ ಸಕ್ಕರೆ ಕಾರ್ಖಾನೆಯ ಸ್ವಂತ ಪ್ರಯೋಗಾಲಯವೇ ಸಾಕು. ವಾಹಕತೆ ಅಳೆಯುವ ಮೀಟರ್ ಅಲ್ಲಿ ಇದ್ದೇ ಇರುತ್ತದೆ, ಸಕ್ಕರೆಯ ಬೂದಿ ಅಳೆಯುವುದು ಅದರಲ್ಲೇ. ಬಿಳಿ ಪದರವನ್ನಷ್ಟೇ ಕೆರೆದು ಹತ್ತು ಗ್ರಾಂ ಪುಡಿಯನ್ನು ನೂರು ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ಸೋಸಿ, ಉಳಿದದ್ದನ್ನು ಒಣಗಿಸಿ ತೂಗಿ. ಅರ್ಧಕ್ಕಿಂತ ಹೆಚ್ಚು ಕರಗಿ ಹೋಗಿದ್ದರೆ ಅದು ಮಣ್ಣೂ ಅಲ್ಲ, ಮಾಮೂಲು ಬೂದಿಯೂ ಅಲ್ಲ. ಸೋಸಿದ ನೀರನ್ನು ಎರಡು ಪ್ರನಾಳಗಳಿಗೆ ಹಾಕಿ. ಒಂದಕ್ಕೆ ದುರ್ಬಲ ನೈಟ್ರಿಕ್ ಆಮ್ಲ, ಆಮೇಲೆ ಎರಡು ಹನಿ ಸಿಲ್ವರ್ ನೈಟ್ರೇಟ್: ಹಾಲು ಒಡೆದಂತೆ ಬಿಳಿ ಗಡ್ಡೆ ಬಂದರೆ ಕ್ಲೋರೈಡ್. ಇನ್ನೊಂದಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ಆಮೇಲೆ ಬೇರಿಯಂ ಕ್ಲೋರೈಡ್: ನುಣ್ಣನೆಯ ಬಿಳಿ ಗಷ್ಟು ಇಳಿದರೆ ಸಲ್ಫೇಟ್. ನೈಕ್ರೋಮ್ ತಂತಿಯಲ್ಲಿ ಒಂದಿಷ್ಟು ಪುಡಿಯನ್ನು ಜ್ವಾಲೆಗೆ ಹಿಡಿದು ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಿದಾಗ ನೇರಳೆ ಬಣ್ಣ ಕಂಡರೆ ಪೊಟ್ಯಾಸಿಯಂ. ಗಾಜಿಲ್ಲದೆ ನೋಡಿದರೆ ಸೋಡಿಯಮ್ಮಿನ ಹಳದಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಒಂದು ಎಚ್ಚರ. ಹಳೆಯ ಪದರದಲ್ಲಿ ಸಲ್ಫೇಟ್ ಹೆಚ್ಚು ಸಿಕ್ಕಿತೆಂದು ಕ್ಲೋರಿನ್ ಬಂದೇ ಇಲ್ಲ ಎಂದು ತೀರ್ಮಾನಿಸಬೇಡಿ. ಕೊಳವೆಯ ಮೇಲೆ ಕೂತ ಕ್ಲೋರೈಡನ್ನು ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ವಾರಗಟ್ಟಲೆ ನಿಧಾನವಾಗಿ ಸಲ್ಫೇಟಾಗಿ ಮಾರ್ಪಡಿಸುತ್ತದೆ, ಕ್ಲೋರಿನ್ ಹೈಡ್ರೋಜನ್ ಕ್ಲೋರೈಡಾಗಿ ಬಿಟ್ಟು ಹೋಗುತ್ತದೆ. ಹೊಸದಾಗಿ ಬರುತ್ತಿರುವುದು ಏನೆಂದು ಹೇಳುವುದು ತಣಿಸಿದ ಪೈಪಿನ ಎರಡು ಗಂಟೆಯ ಲೇಪವೇ.

ಕ್ಲೋರೈಡ್ ಖಚಿತವಾದರೆ ಕೊಳವೆಯ ದಪ್ಪವನ್ನೂ ಅಳೆಸಿ. ಪೊಟ್ಯಾಸಿಯಂ ಕ್ಲೋರೈಡ್ ಕಬ್ಬಿಣದ ಕ್ಲೋರೈಡಿನ ಜೊತೆ ಸೇರಿದರೆ 355 ಡಿಗ್ರಿಯ ಸುಮಾರಿಗೇ ದ್ರವವಾಗಬಲ್ಲದು. ಪದರದಡಿಯಲ್ಲಿ ಉಕ್ಕಿನ ರಕ್ಷಾ ಪೊರೆ ಸೀಳಿ, ಒಳಗಿನ ಲೋಹ ಪದರ ಪದರವಾಗಿ ಎದ್ದು ಬರುತ್ತದೆ. ಕೊಳವೆ ಬದಲಿಸಬೇಕಾಗಿ ಬಂದರೆ ಬಾಯ್ಲರ್ ಇಲಾಖೆಯ ಅನುಮತಿ ಪಡೆದೇ ಕೈ ಹಾಕಬೇಕು.

ಹಿಂಬದಿಯ ಒದ್ದೆ: ಅದೇ ನಿಯಮ, ಬೇರೆ ಆವಿ

ಕುಲುಮೆಗೆ ಹೋಗುವ ಗಾಳಿಯನ್ನು ಹೊಗೆಯ ಶಾಖದಿಂದ ಬಿಸಿ ಮಾಡುವ ಏರ್ ಹೀಟರಿನ ತಣ್ಣನೆಯ ತುದಿಯಲ್ಲಿ ಕೊಳವೆಗಳು ತುಕ್ಕು ತಿಂದು, ಒಳಗೆ ಕಂದು ರಾಡಿ ತುಂಬಿದ್ದರೆ ಅದು ಪ್ರತ್ಯೇಕ ರೋಗವೆಂದು ಭಾವಿಸುತ್ತೇವೆ. ನಿಯಮ ಒಂದೇ. ಸಿಪ್ಪೆಯಲ್ಲಿ ಅರ್ಧ ಭಾಗ ನೀರಿರುವುದರಿಂದ ಅದರ ಹೊಗೆಯ ನಾಲ್ಕರಲ್ಲೊಂದು ಪಾಲು ನೀರಾವಿ. ಇಬ್ಬನಿ ಬಿಂದು ಸುಮಾರು 65 ಡಿಗ್ರಿ. ಬೇಸಿಗೆಯಲ್ಲಿ ಕಲ್ಲಿದ್ದಲು ಸುಟ್ಟಾಗ ಗಂಧಕಾಮ್ಲದ ಆವಿ ಸೇರಿಕೊಂಡು ಅದು 120ರಿಂದ 140 ಡಿಗ್ರಿಗೆ ಜಿಗಿಯುತ್ತದೆ. ಆಮ್ಲ ಅತಿ ಹೆಚ್ಚು ಕೂರುವುದು ಸರಿಯಾಗಿ ಇಬ್ಬನಿ ಬಿಂದುವಿನಲ್ಲಿ ಅಲ್ಲ, ಅದಕ್ಕಿಂತ 15ರಿಂದ 30 ಡಿಗ್ರಿ ಕೆಳಗೆ. ರಾಡಿಗೆ ಒಂದು ಪಿಎಚ್ ಕಾಗದ ಮುಟ್ಟಿಸಿ: 2, 3 ತೋರಿಸಿದರೆ ಆಮ್ಲ.

ಇಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ. ತುಕ್ಕು ಕಂಡ ಕೂಡಲೇ ಹೊಗೆಯ ಉಷ್ಣತೆ ಏರಿಸುತ್ತಾರೆ. ಏರ್ ಹೀಟರಿನಲ್ಲಿ ಅದರಿಂದ ಅರ್ಧ ಲಾಭ ಸಿಗುತ್ತದೆ, ಏಕೆಂದರೆ ಅಲ್ಲಿ ಲೋಹ ಗಾಳಿಗೂ ಹೊಗೆಗೂ ನಡುವೆ ಇರುತ್ತದೆ. ಗಾಳಿ 30, ಹೊಗೆ 150 ಇದ್ದರೆ ಲೋಹ 90ರ ಸುಮಾರು. ಡಿಸೆಂಬರಿನ ಬೆಳಗಿನ ಜಾವ ಗಾಳಿ 15ಕ್ಕೆ ಇಳಿದರೆ 82. ಎಕನಮೈಸರಿನಲ್ಲಿ ಮಾತ್ರ ಲೋಹ ನೀರಿನ ಉಷ್ಣತೆಯನ್ನೇ ಹಿಂಬಾಲಿಸುತ್ತದೆ. ನೀರಿನೊಳಗಿನ ಗಾಳಿ ತೆಗೆಯುವ ಡಿಏರೇಟರಿನಿಂದ 105 ಡಿಗ್ರಿಯ ನೀರು ಬರುತ್ತಿದ್ದರೆ ಹೊಗೆ ಎಷ್ಟೇ ಬಿಸಿಯಿದ್ದರೂ ಕೊಳವೆಯ ಮೈ 105ರ ಮೇಲೆ ಒಂದಿಷ್ಟು ಮಾತ್ರ. ಕಲ್ಲಿದ್ದಲು ಸುಡುವ ದಿನಗಳಲ್ಲಿ ಬಿಸಿ ಮಾಡಬೇಕಾದದ್ದು ನೀರನ್ನು. ಏರ್ ಹೀಟರಿಗೆ ಮುಂಚೆ ಉಗಿ ಸುರುಳಿಯಿಂದ ಗಾಳಿಯನ್ನು 60 ಡಿಗ್ರಿಗೆ ತಂದರೆ ಅಲ್ಲಿನ ಲೋಹವೂ 105ಕ್ಕೆ ಏರುತ್ತದೆ. ಬೆಂಕಿ ಹಾಕುವ ಮೊದಲ ಗಂಟೆಗಳಲ್ಲಿ ಎಲ್ಲವೂ ತಣ್ಣಗಿರುತ್ತದೆ, ಹೊಗೆ ಬೆಚ್ಚಗಾಗುವವರೆಗೆ ಗಾಳಿಯನ್ನು ಬೈಪಾಸಿನಲ್ಲಿ ಬಿಡುವುದು ಒಳ್ಳೆಯದು.

ಏನು ಮಾಡಬೇಕು

ಆವಿಯ ದೋಷಕ್ಕೆ ಮೊದಲ ಮದ್ದು ಇಂಧನದ ಅಂಗಳದಲ್ಲಿದೆ. ಕಡಿದ ರವದಿಯನ್ನು ಹೊಲದಲ್ಲೇ ಒಂದೆರಡು ಮಳೆಗೆ ಬಿಟ್ಟರೆ ಪೊಟ್ಯಾಸಿಯಮ್ಮೂ ಕ್ಲೋರಿನ್ನೂ ಸಾಕಷ್ಟು ತೊಳೆದು ನೆಲಕ್ಕೇ ಹೋಗುತ್ತವೆ. ಹೊಲಕ್ಕೂ ಅದರಿಂದ ಒಳಿತೇ. ಮಳೆಯಿಲ್ಲದ ಹಂಗಾಮಿನಲ್ಲಿ ಇದು ಸಾಧ್ಯವಾಗದು. ಆಗ ರವದಿಯ ಪಾಲು ಇಳಿಸಬೇಕು. ಪಾಲಿಗಿಂತಲೂ ಮುಖ್ಯ, ಅದು ಹದವಾಗಿ ಬೆರೆತಿರಬೇಕು. ದಿನದ ಲೆಕ್ಕದಲ್ಲಿ ಹತ್ತರಲ್ಲೊಂದು ಪಾಲೇ ಇದ್ದರೂ, ಒಂದು ಟ್ರ್ಯಾಕ್ಟರ್ ರವದಿಯನ್ನು ಒಂದೇ ಸಲ ಕನ್ವೇಯರಿಗೆ ಸುರಿದರೆ ಆ ಅರ್ಧ ಗಂಟೆ ಕುಲುಮೆಗೆ ಬೇರೇನೂ ಹೋಗಿರುವುದಿಲ್ಲ, ಅಡಿಪಾಯ ಬೀಳುವುದು ಅಂಥ ಅರ್ಧ ಗಂಟೆಗಳಲ್ಲೇ.

ಎರಡನೆಯದು ಗಂಧಕ. ಇಂಧನದಲ್ಲಿ ಕ್ಲೋರಿನ್ನಿನ ಒಂದು ಪರಮಾಣುವಿಗೆ ಗಂಧಕದ ನಾಲ್ಕಕ್ಕಿಂತ ಹೆಚ್ಚು ಪರಮಾಣುಗಳಿದ್ದರೆ ಅಪಾಯ ಕಡಿಮೆ, ಎರಡಕ್ಕಿಂತ ಕಡಿಮೆಯಿದ್ದರೆ ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆಗೋಲು. ಸ್ವಲ್ಪ ಕಲ್ಲಿದ್ದಲು ಬೆರೆಸಿದರೆ ಅದರ ಗಂಧಕ ಕ್ಲೋರೈಡನ್ನು ಹೊಗೆಯಲ್ಲೇ ಸಲ್ಫೇಟಾಗಿಸುತ್ತದೆ, ಅದರ ಬೂದಿಯಲ್ಲಿರುವ ಜೇಡಿ ಪೊಟ್ಯಾಸಿಯಮ್ಮನ್ನು ಹಿಡಿದಿಡುತ್ತದೆ. ಸಲ್ಫೇಟ್ ಕರಗುವುದು 1069 ಡಿಗ್ರಿಯಲ್ಲಿ, ಅಂಟಾಗುವುದಿಲ್ಲ. ಆದರೆ ಅದೇ ಗಂಧಕ ಹಿಂಬದಿಯಲ್ಲಿ ಆಮ್ಲವಾಗಿ ಹನಿಯುತ್ತದೆ ಎಂಬುದನ್ನು ಮರೆಯಬೇಡಿ. ಕಲ್ಲಿದ್ದಲು ಬೆರೆಸುವ ತೀರ್ಮಾನವನ್ನೂ ನೀರು ಬಿಸಿ ಮಾಡುವ ತೀರ್ಮಾನವನ್ನೂ ಒಂದೇ ದಿನ ತೆಗೆದುಕೊಳ್ಳಿ.

ಸೂಟ್ ಬ್ಲೋವರನ್ನು ಪದರ ದಪ್ಪವಾದ ಮೇಲೆ ಅಲ್ಲ, ಬಿಳಿ ಲೇಪ ಇನ್ನೂ ಪುಡಿಯಾಗಿರುವಾಗ ಹಚ್ಚಬೇಕು. ಹೊರಮೈ ಗಾಜಾದ ಮೇಲೆ ಎಷ್ಟು ಊದಿದರೂ ಉಗಿ ದಂಡ. ರವದಿ ಸುಡುವ ಪಾಳಿಯಲ್ಲಿ ಪ್ರತಿ ಪಾಳಿಗೆ ಒಂದರ ಬದಲು ಎರಡು ಸಲ ಊದುವುದಕ್ಕೆ ತಗಲುವ ಉಗಿ, ಮೂರು ದಿನದ ನಿಲುಗಡೆಯ ಮುಂದೆ ಏನೂ ಅಲ್ಲ.

ಹಂಗಾಮು ಮುಗಿದು ಬಾಯ್ಲರ್ ನಿಂತ ಮೇಲೆ, ಉಳಿದ ಉಪ್ಪನ್ನು ಮಳೆಗಾಲಕ್ಕೆ ಬಿಡಬೇಡಿ. ಬಿಳಿ ಪದರದ ಒಂದು ತುಂಡನ್ನು ಜುಲೈ ತಿಂಗಳ ರಾತ್ರಿ ಕಾಗದದ ಮೇಲಿಟ್ಟು ಬೆಳಗ್ಗೆ ನೋಡಿ, ಕಾಗದ ಒದ್ದೆಯಾಗಿರುತ್ತದೆ. ಕೊಳವೆಯ ಮೇಲೂ ಅದೇ ಒದ್ದೆ ನಾಲ್ಕು ತಿಂಗಳು ಕೂತಿರುತ್ತದೆ. ಈ ಉಪ್ಪು ನೀರಿನಲ್ಲಿ ಕರಗುವಂಥದ್ದು, ಆದ್ದರಿಂದ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ ತೊಳೆಯಬಹುದು. ತೊಳೆದು ಬಂದ ನೀರಿನ ವಾಹಕತೆಯನ್ನು ಗಂಟೆಗೊಮ್ಮೆ ಅಳೆಯಿರಿ. ಅದು ಹಾಯಿಸುವ ನೀರಿನ ಮಟ್ಟಕ್ಕೆ ಇಳಿಯುವವರೆಗೂ ನಿಲ್ಲಿಸಬೇಡಿ. ಆಮೇಲೆ ಅದೇ ದಿನ, ಮರುದಿನಕ್ಕೆ ಬಿಡದೆ, ಸಣ್ಣ ಕಟ್ಟಿಗೆ ಬೆಂಕಿ ಹಾಕಿ ಕೊಳವೆಗಳನ್ನು ಪೂರ್ತಿ ಒಣಗಿಸಿ.